ಮೇಷ್ಟ್ರುಗಳು ಜೋಳಿಗೆ ಹಿಡಿದು ಕಟ್ಟಿದ ಕಾಲೇಜು

ಸಾಂಗಲಿಯಿಂದ ಮಿರಜಿಗೆ ಹೋಗುವ ದಾರಿ ಹತ್ತು ಕಿಲೋಮೀಟರಿನ ಆಸುಪಾಸು. ಊರು ಮುಗಿಯಿತೆನ್ನುವಷ್ಟರಲ್ಲಿ ವಿಶ್ರಾಮಬಾಗ, ಅಲ್ಲಿ ವಾಲ್‌ಚಂದ್ ಇಂಜಿನಿಯರಿಂಗ್ ಕಾಲೇಜು, ವಿಲಿಂಗ್ಡನ್ ಕಾಲೇಜು; ಮುಂದೆ ವಾನ್ಲೆಸ್‌ವಾಡಿ; ಮಿರಜ ತಲುಪಿದರೆ ಮಿಷನ್ ಆಸ್ಪತ್ರೆ, ಸರಕಾರಿ ವೈದ್ಯಕೀಯ ಕಾಲೇಜು. ಇಷ್ಟು ಚಿಕ್ಕ ರಸ್ತೆಗೆ ಇಷ್ಟೊಂದು ವಿದ್ಯಾಸಂಸ್ಥೆಗಳು ಬಂದದ್ದು ಹೇಗೆ ಎಂದು ಹುಡುಕುತ್ತ ಹೋದರೆ ಸರಕಾರದ ಖಜಾನೆ ಕಣ್ಣಿಗೆ ಬೀಳುವುದು ಬಹಳ ತಡವಾಗಿ. ಅದಕ್ಕೂ ಮೊದಲು ಸಿಗುವುದು ವರ್ಗಣಿ ಕೂಡಿಸಿದವರ ಕತೆ. ಆ ಕತೆಯಲ್ಲಿ ಕನ್ನಡದ ಪಾಲೂ ದೊಡ್ಡದು. ಅದನ್ನು ನಾವು ಸಾಕಷ್ಟು ಹೇಳಿಕೊಂಡಿಲ್ಲ.

ವಿಲಿಂಗ್ಡನ್ ಕಾಲೇಜು ಶುರುವಾದದ್ದು 1919ರಲ್ಲಿ. ಹೆಸರು ಆಗಷ್ಟೇ ಮುಂಬಯಿ ಗವರ್ನರ್ ಹುದ್ದೆಯಿಂದ ಇಳಿದಿದ್ದ ಲಾರ್ಡ್ ವಿಲಿಂಗ್ಡನ್ನರದು; ಕಟ್ಟಿದವರು ಮಾತ್ರ ಪುಣೆಯ ಡೆಕ್ಕನ್ ಎಜುಕೇಶನ್ ಸೊಸೈಟಿಯ ಮೇಷ್ಟ್ರುಗಳು. 1884ರಲ್ಲಿ ಹುಟ್ಟಿದ ಈ ಸೊಸೈಟಿಗೆ ತಿಲಕ, ಆಗರಕರರ ಹಿನ್ನೆಲೆಯಿದೆ. 1885ರಲ್ಲಿ ಅದು ತೆರೆದ ಫರ್ಗ್ಯುಸನ್ ಕಾಲೇಜಿಗೂ ಹೀಗೆಯೇ ಒಬ್ಬ ಗವರ್ನರರ ಹೆಸರಿತ್ತು. ದೊರೆಯ ಹೆಸರು ಹಲಗೆಯ ಮೇಲಿದ್ದರೆ ಸಂಸ್ಥಾನಿಕರ, ಸಾಹುಕಾರರ ಕೈ ಸಡಿಲವಾಗುತ್ತದೆ ಎಂಬುದು ಆ ಕಾಲದವರಿಗೆ ಚೆನ್ನಾಗಿ ಗೊತ್ತಿತ್ತು. ಇದನ್ನು ಗುಲಾಮಗಿರಿ ಎಂದು ತಳ್ಳಿಹಾಕುವುದು ಸುಲಭ. ನನಗೆ ಹಾಗನ್ನಿಸುವುದಿಲ್ಲ. ಹೆಸರನ್ನು ಕೊಟ್ಟು ಅವರು ಪಡೆದದ್ದು ಗ್ರಂಥಾಲಯ, ಪ್ರಯೋಗಶಾಲೆ, ವಸತಿಗೃಹ. ಹೆಸರು ಪರರದಾದರೂ ಆಡಳಿತ ಪಾಠ ಹೇಳುವವರ ಕೈಯಲ್ಲೇ ಉಳಿಯಿತು.

ಆ ಆಡಳಿತದ ಬೇರು ಇರುವುದು 'ಆಜೀವ ಸದಸ್ಯ' ಎಂಬ ಪದ್ಧತಿಯಲ್ಲಿ. ಸೊಸೈಟಿ ಸೇರುವ ಅಧ್ಯಾಪಕ ಇಪ್ಪತ್ತು ವರ್ಷ ದುಡಿಯುವುದಾಗಿ ಮಾತು ಕೊಡಬೇಕು. ಸಂಬಳ ಸರಕಾರಿ ಕಾಲೇಜಿನ ಪ್ರೊಫೆಸರರಿಗೆ ಹೋಲಿಸಿದರೆ ಏನೇನೂ ಅಲ್ಲ. ಫರ್ಗ್ಯುಸನ್ನಿನಲ್ಲಿ ಕಲಿಸುತ್ತಿದ್ದ ಗೋಪಾಲಕೃಷ್ಣ ಗೋಖಲೆಯವರ ಕಾಲದಲ್ಲಿ ತಿಂಗಳಿಗೆ 75 ರೂಪಾಯಿ. ಸಂಸ್ಥೆಗೆ ಬೇರೆ ಯಜಮಾನರಿಲ್ಲ, ಆಜೀವ ಸದಸ್ಯರೇ ಯಜಮಾನರು. ಹಾಗಾಗಿ ಕಟ್ಟಡ ಸೋರಿದರೆ, ಪುಸ್ತಕ ಸಾಲದಿದ್ದರೆ ಹಣ ತರುವ ಹೊಣೆಯೂ ಅವರದೇ. ಗೋಖಲೆಯವರು ರಜೆ ಬಂತೆಂದರೆ ಫರ್ಗ್ಯುಸನ್ನಿನ ಕಟ್ಟಡ ನಿಧಿಗಾಗಿ ಊರೂರು ತಿರುಗುತ್ತಿದ್ದರು. ಒಪ್ಪದ ಮನೆಗೆ ಮತ್ತೆ ಹೋಗುವುದು, ಅವಮಾನವನ್ನು ನುಂಗಿಕೊಳ್ಳುವುದು ಅವರ ಕೆಲಸದ ಭಾಗವೇ ಆಗಿತ್ತು. 1902ರಲ್ಲಿ ನಿವೃತ್ತರಾದಾಗ ಅವರಿಗೆ ಸಿಕ್ಕ ಪಿಂಚಣಿ ತಿಂಗಳಿಗೆ 30 ರೂಪಾಯಿ. ದೇಣಿಗೆ ಕೇಳಲು ಬಂದವನ ಕೈ ಸ್ವಂತಕ್ಕೇನೂ ಹಿಡಿದುಕೊಂಡಿಲ್ಲ ಎಂಬುದು ಕೊಡುವವನಿಗೆ ಕಾಣುತ್ತಿತ್ತು. ಇವತ್ತಿನ ಯಾವ ಬಣ್ಣದ ಕರಪತ್ರಕ್ಕೂ ಆ ಬಲವಿಲ್ಲ.

ಇದೇ ಪದ್ಧತಿ ಬೆಳಗಾವಿಯಲ್ಲಿಯೂ ಬೇರೂರಿತು. 1916ರಲ್ಲಿ ಕರ್ನಾಟಕ ಲಿಂಗಾಯತ ಎಜುಕೇಶನ್ ಸೊಸೈಟಿಯನ್ನು ಕಟ್ಟಿದ ಬಸವನಾಳ, ಸಾಖರೆ, ಮಮದಾಪುರ ಮೊದಲಾದ ಅಧ್ಯಾಪಕರು ಆಜೀವ ಸದಸ್ಯರಾಗಿಯೇ ದುಡಿದರು. ಕೆಎಲ್‌ಇಯ ಸಪ್ತರ್ಷಿಗಳು ಎಂದು ನಾವು ನೆನೆಯುವುದು ಇಂಥವರನ್ನೇ.

ಸಾಂಗಲಿಯಲ್ಲಿ ಕಾಲೇಜು ಬೇಕೆನಿಸಿದ್ದಕ್ಕೆ ಕಾರಣ ಭೂಪಟವೇ ಹೇಳುತ್ತದೆ. ಆಗ ಮುಂಬಯಿ ವಿಶ್ವವಿದ್ಯಾಲಯವೊಂದೇ ಈ ಇಡೀ ಪ್ರಾಂತಕ್ಕೆ ಪದವಿ ಕೊಡುತ್ತಿದ್ದದ್ದು. ಕೊಲ್ಹಾಪುರದಲ್ಲಿ ರಾಜಾರಾಮ ಕಾಲೇಜು ಇತ್ತು; ಧಾರವಾಡದ ಕರ್ನಾಟಕ ಕಾಲೇಜು 1917ರಲ್ಲಿ ಆಗಷ್ಟೇ ತೆರೆದಿತ್ತು. ಅಥಣಿ, ಚಿಕ್ಕೋಡಿ, ರಾಯಬಾಗ, ಜಮಖಂಡಿ ಕಡೆಯ ಹುಡುಗನಿಗೆ ಮಿರಜ ಹತ್ತಿರ. ಪುಣೆಯಿಂದ ಬೆಳಗಾವಿಗೆ ಹೋಗುವ ರೈಲು ಮಿರಜ ಜಂಕ್ಷನ್ನಿನ ಮೇಲೆಯೇ ಹೋಗಬೇಕು. ಕುಡಚಿಯಲ್ಲೋ ಶೇಡಬಾಳದಲ್ಲೋ ಗಾಡಿ ಹತ್ತಿದವನು ಮಿರಜಿನಲ್ಲಿ ಇಳಿದರಾಯಿತು. ಹೀಗಾಗಿ ವಿಲಿಂಗ್ಡನ್ ಶುರುವಿನಿಂದಲೂ ಮರಾಠಿ, ಕನ್ನಡ ಎರಡು ಭಾಷೆಯ ಕಾಲೇಜು.

ಎರಡು ಭಾಷೆಯ ಹಣವೂ ಅಲ್ಲಿತ್ತು. ಸಾಂಗಲಿ, ಮಿರಜ, ಜಮಖಂಡಿಗಳನ್ನು ಆಳಿದ ಪಟವರ್ಧನರ ಸಂಸ್ಥಾನಗಳ ನಕ್ಷೆಯನ್ನು ಒಮ್ಮೆ ನೋಡಬೇಕು. ಸಾಂಗಲಿ ಸಂಸ್ಥಾನಕ್ಕೆ ಸೇರಿದ್ದ ತೇರದಾಳ, ಶಿರಹಟ್ಟಿ, ಬೆಳಗಾವಿಯ ಶಹಾಪುರ; ಹಿರಿಯ ಮಿರಜ ಸಂಸ್ಥಾನದ ಲಕ್ಷ್ಮೇಶ್ವರ; ಕಿರಿಯ ಮಿರಜ ಸಂಸ್ಥಾನದ ಗುಡಗೇರಿ; ಜಮಖಂಡಿಯ ಕುಂದಗೋಳ, ಇವೆಲ್ಲ ಕನ್ನಡದ ಊರುಗಳು. ದಕ್ಷಿಣ ಮರಾಠಾ ಸಂಸ್ಥಾನಿಕರು ವಿದ್ಯೆಗೆ ಉದಾರವಾಗಿ ಕೊಟ್ಟರು ಎನ್ನುವಾಗ ಅವರ ಬೊಕ್ಕಸಕ್ಕೆ ಕಂದಾಯ ತುಂಬಿದ ಒಕ್ಕಲಿಗ, ನೇಕಾರರೂ ಕೊಟ್ಟರು ಎಂದೇ ಅರ್ಥ. ಜಮಖಂಡಿಯ ಅರಸರು ಕೊಟ್ಟ ದೊಡ್ಡ ದೇಣಿಗೆಗಾಗಿ ಪುಣೆಯ ನ್ಯೂ ಪೂನಾ ಕಾಲೇಜು ಸರ್ ಪರಶುರಾಮಭಾವು ಕಾಲೇಜಾಯಿತು. ಎಸ್.ಪಿ. ಕಾಲೇಜು ಎಂದು ಪುಣೆಯವರು ಹೆಮ್ಮೆಯಿಂದ ಕರೆಯುವ ಆ ಕಟ್ಟಡಗಳಲ್ಲಿ ಕೃಷ್ಣೆಯ ದಂಡೆಯ ಜೋಳದ ಬೆಳೆಯ ಪಾಲಿದೆ.

ಆ ಪಾಲು ನಮಗೆ ತಿರುಗಿ ಬಂದದ್ದು ವಿಲಿಂಗ್ಡನ್ನಿನ ಮೂಲಕ. ಆಕ್ಸ್‌ಫರ್ಡಿನಿಂದ ಮರಳಿದ ವಿ.ಕೃ. ಗೋಕಾಕರು ಇಲ್ಲಿ ಪ್ರಾಂಶುಪಾಲರಾದರು. 'ರಸಿಕರಂಗ'ರೆಂದು ಬರೆಯುತ್ತಿದ್ದ ರಂ.ಶ್ರೀ. ಮುಗಳಿ ಮೂರು ದಶಕಗಳಷ್ಟು ಕಾಲ ಇಲ್ಲಿ ಕನ್ನಡ ಕಲಿಸಿದರು. 1953ರಲ್ಲಿ ಪ್ರಕಟವಾಗಿ 1956ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ ಅವರ 'ಕನ್ನಡ ಸಾಹಿತ್ಯ ಚರಿತ್ರೆ' ಈ ಸಾಂಗಲಿಯ ವರ್ಷಗಳ ಫಲ. ನಮ್ಮಲ್ಲಿ ಎಷ್ಟೋ ತಲೆಮಾರಿನ ಎಂ.ಎ. ವಿದ್ಯಾರ್ಥಿಗಳು ಪಂಪ, ರನ್ನರ ಕಾಲವನ್ನು ಕಲಿತದ್ದು ಮರಾಠಿ ಊರೊಂದರಲ್ಲಿ ಕುಳಿತು ಬರೆದ ಪುಸ್ತಕದಿಂದ. ಪ್ರಾಕೃತ, ಅಪಭ್ರಂಶದ ದೊಡ್ಡ ವಿದ್ವಾಂಸ ಪ.ಲ. ವೈದ್ಯರೂ ಇಲ್ಲಿ ಪಾಠ ಹೇಳಿದವರು. ಒಳ್ಳೆಯ ಗ್ರಂಥಾಲಯವೂ ನೆಮ್ಮದಿಯ ಮೇಜೂ ಇಲ್ಲದೆ ಇಂಥ ಕೆಲಸ ಆಗುವುದಿಲ್ಲ. ದೇಣಿಗೆ ನಿಜವಾಗಿ ಕಟ್ಟುವುದು ಇದನ್ನು.

ಅದೇ ರಸ್ತೆಯ ಇಂಜಿನಿಯರಿಂಗ್ ಕಾಲೇಜಿನದು ಬೇರೆ ದಾರಿ. 1947ರಲ್ಲಿ ಧೋಂಡುಮಾಮಾ ಸಾಠೆ ಅದನ್ನು ನ್ಯೂ ಇಂಜಿನಿಯರಿಂಗ್ ಕಾಲೇಜ್ ಎಂಬ ಹೆಸರಿನಲ್ಲಿ ತೆರೆದರು. ವರ್ಕ್‌ಶಾಪು, ಯಂತ್ರ, ಲ್ಯಾಬು ಇಲ್ಲದೆ ಇಂಜಿನಿಯರಿಂಗ್ ಕಲಿಸಲಾಗದು. ಅವಕ್ಕೆ ಬೇಕಾದ ಮೊತ್ತ ಮನೆ ಮನೆ ವರ್ಗಣಿಯಿಂದ ಏಳುವಂಥದಲ್ಲ. 1950ರ ದಶಕದ ನಡುವೆ ಉದ್ಯಮಿ ವಾಲ್‌ಚಂದ್ ಹಿರಾಚಂದರ ಹೆಸರಿನ ನೆರವು ಬಂದು ಕಾಲೇಜಿನ ಹೆಸರು ಬದಲಾಯಿತು.

ಮಿರಜಿನ ವೈದ್ಯಕೀಯ ಕಾಲೇಜಿನದು ಇನ್ನೂ ವಿಶೇಷ. ಕೆನಡಾ ಮೂಲದ ಡಾ. ವಿಲಿಯಂ ವಾನ್ಲೆಸ್ ಅಮೆರಿಕದ ಪ್ರೆಸ್ಬಿಟೇರಿಯನ್ ಮಿಷನ್ನಿನ ಪರವಾಗಿ 1894ರಲ್ಲಿ ಇಲ್ಲಿ ಆಸ್ಪತ್ರೆ ತೆರೆದರು. ಕಟ್ಟಡದ ಹಣ ಫಿಲಡೆಲ್ಫಿಯಾದ ರೈಲು ಎಂಜಿನ್ ಉದ್ಯಮಿ ಜಾನ್ ಕಾನ್ವರ್ಸರದು. ಸ್ಥಿತಿವಂತ ರೋಗಿಗಳು ಕೊಟ್ಟ ಹಣ ಬಡವರ ಚಿಕಿತ್ಸೆಗೆ ಹೋಯಿತು. ಉತ್ತರ ಕರ್ನಾಟಕದಲ್ಲಿ 'ಮಿರಜಿಗೆ ಒಯ್ಯಿರಿ' ಎಂಬ ಮಾತು ಇವತ್ತಿಗೂ ಕೇಳುತ್ತದೆ. 1962ರಲ್ಲಿ ಮಹಾರಾಷ್ಟ್ರ ಸರಕಾರ ಮಿರಜಿನಲ್ಲಿ ವೈದ್ಯಕೀಯ ಕಾಲೇಜು ತೆರೆದಾಗ ಅದರ ಕ್ಲಿನಿಕಲ್ ತರಬೇತಿಗೆ ಒದಗಿದ್ದು ಈ ಮಿಷನ್ ಆಸ್ಪತ್ರೆ ಮತ್ತು ಸಾಂಗಲಿಯ ಸರಕಾರಿ ಆಸ್ಪತ್ರೆ. ಸರಕಾರಿ ವಿದ್ಯಾರ್ಥಿ ನಾಡಿ ಹಿಡಿಯಲು ಕಲಿತದ್ದು ದಾನದ ಹಾಸಿಗೆಯ ಪಕ್ಕದಲ್ಲಿ.

ಇವಕ್ಕೆಲ್ಲ ಎದುರಾಗಿ ನಿಲ್ಲುವ ಇನ್ನೊಂದು ಹೆಸರು ಕರ್ಮವೀರ ಭಾವುರಾವ್ ಪಾಟೀಲರದು. ಅವರ ರಯತ ಶಿಕ್ಷಣ ಸಂಸ್ಥೆಯೂ 1919ರದೇ. ಕರಾಡದ ಹತ್ತಿರದ ಕಾಲೆ ಗ್ರಾಮದಲ್ಲಿ ಶುರುವಾಯಿತು. ಅವರು ಹಳ್ಳಿಯವರಿಂದ ಹಿಡಿ ಧಾನ್ಯ ಎತ್ತಿದರು. ವಸತಿ ನಿಲಯದ ಮಕ್ಕಳಿಗೆ ಊಟಕ್ಕಿಲ್ಲದಾಗ ಪತ್ನಿ ಲಕ್ಷ್ಮೀಬಾಯಿ ಮಂಗಳಸೂತ್ರವನ್ನೂ ಬಿಚ್ಚಿಕೊಟ್ಟರು. ಅರಸರ ಲಕ್ಷಗಳಿಗಿಂತ ಆ ಹಿಡಿ ಧಾನ್ಯ ದೊಡ್ಡದೆಂದು ನಾನು ನಂಬುತ್ತೇನೆ. ಹಿಡಿ ಕೊಟ್ಟವನು ಶಾಲೆಯನ್ನು ತನ್ನದೆಂದು ಕಾಯುತ್ತಾನೆ.

ಈಗ ಕೃಷ್ಣೆಯ ಈಚೆ ದಂಡೆಗೆ ಬರೋಣ. ಪುಣೆಗೆ ಕಾಲೇಜು ಕೊಟ್ಟ ಅದೇ ಜಮಖಂಡಿಯಲ್ಲಿ ಇಂದು ಬಾಗಲಕೋಟೆ ವಿಶ್ವವಿದ್ಯಾಲಯವಿದೆ. ಹಿಂದೆ ರಾಣಿ ಚನ್ನಮ್ಮ ವಿಶ್ವವಿದ್ಯಾಲಯದ ಸ್ನಾತಕೋತ್ತರ ಕೇಂದ್ರವಾಗಿದ್ದ ಜಾಗವೇ ವಿಶ್ವವಿದ್ಯಾಲಯ ಎಂಬ ಫಲಕ ಹೊತ್ತುಕೊಂಡಿತು. ಇಂಥ ಹೊಸ ವಿಶ್ವವಿದ್ಯಾಲಯಗಳಿಗೆ ಸಿಕ್ಕ ಆರಂಭಿಕ ಹಣ ಒಂದು ಒಳ್ಳೆಯ ಪ್ರಯೋಗಶಾಲೆಗೂ ಸಾಲದಷ್ಟು. 2025ರ ಫೆಬ್ರವರಿಯಲ್ಲಿ ಕರ್ನಾಟಕದ ಸಚಿವ ಸಂಪುಟ ಉಪಸಮಿತಿ ಒಂಬತ್ತು ಹೊಸ ವಿಶ್ವವಿದ್ಯಾಲಯಗಳನ್ನು ಮುಚ್ಚುವತ್ತ ಒಲವು ತೋರಿತು. ಆ ಪಟ್ಟಿಯಲ್ಲಿ ಇದೂ ಇತ್ತು. ಹಣವಿಲ್ಲ, ಜಾಗವಿಲ್ಲ, ಅಧ್ಯಾಪಕರಿಲ್ಲ ಎಂಬುದು ಕಾರಣ. ಯುಜಿಸಿ ಕಾಯ್ದೆಯ 12ಬಿ ಮಾನ್ಯತೆ ಸಿಗದೆ ದೆಹಲಿಯ ಅನುದಾನವಿಲ್ಲ. ಮಾನ್ಯತೆ ಬೇಕಾದರೆ ಸೌಕರ್ಯ ತೋರಿಸಬೇಕು. ಸೌಕರ್ಯಕ್ಕೆ ಅನುದಾನ ಬೇಕು. ಈ ಗಂಟನ್ನು ಎಲ್ಲಾದರೊಂದು ಕಡೆ ಯಾರಾದರೂ ಬಿಚ್ಚಬೇಕು.

ಜನರ ವರ್ಗಣಿ ಸರಕಾರದ ಬದಲಿ ಆಗಬಾರದು, ಇದನ್ನು ಸ್ಪಷ್ಟವಾಗಿ ಹೇಳಬೇಕು. ಅಧ್ಯಾಪಕರ ಸಂಬಳ, ಖಾಲಿ ಹುದ್ದೆ, ಭೂಮಿ ಸರಕಾರದ ಹೊಣೆ. ಆದರೆ ಗ್ರಂಥಾಲಯ, ಪ್ರಯೋಗಶಾಲೆಯ ಉಪಕರಣ, ಹೆಣ್ಣುಮಕ್ಕಳ ವಸತಿಗೃಹ, ದೂರದ ಹಳ್ಳಿಯ ಮಕ್ಕಳ ಮಧ್ಯಾಹ್ನದ ಊಟ ಇವನ್ನು ಊರು ಎತ್ತಿಕೊಳ್ಳಬಹುದು. ಕಂಪನಿ ಕಾಯ್ದೆ 2013ರ ಪ್ರಕಾರ ದೊಡ್ಡ ಕಂಪನಿಗಳು ಲಾಭದ ಶೇ 2ರಷ್ಟನ್ನು ಸಮಾಜಕ್ಕೆ ತೆಗೆದಿಡಬೇಕು, ಶಿಕ್ಷಣ ಅದರಲ್ಲಿ ಬರುತ್ತದೆ. ಕೃಷ್ಣೆಯ ಎರಡೂ ದಂಡೆಯಲ್ಲಿ ಸಕ್ಕರೆ ಕಾರ್ಖಾನೆಗಳು ಸಾಲಾಗಿ ನಿಂತಿವೆ. ಅವುಗಳ ಬಾಗಿಲು ಬಡಿಯುವವರು ಬೇಕು. ಕೊಡುವವರಿಗೆ ಒಂದು ಮಾತು: ಕಟ್ಟಡಕ್ಕೆ ಹೆಸರು ಹಾಕಿಸಿಕೊಳ್ಳುವ ಆಸೆ ಎಲ್ಲರಿಗೂ ಇರುತ್ತದೆ, ಹಾಗಾಗಿ ಗೋಡೆಗಳು ಏಳುತ್ತವೆ, ಒಳಗೆ ರಾಸಾಯನಿಕ ಇರುವುದಿಲ್ಲ. ಮೂಲಧನವನ್ನು ಮುಟ್ಟದೆ ಬಡ್ಡಿಯಿಂದ ವರ್ಷವರ್ಷ ಪುಸ್ತಕ, ಉಪಕರಣ ಕೊಳ್ಳುವ ದತ್ತಿನಿಧಿ ಇಟ್ಟರೆ ಅದು ಹೆಚ್ಚು ಕಾಲ ಬಾಳುತ್ತದೆ. ಕೇಳುವವರೂ ಲೆಕ್ಕವನ್ನು ಪ್ರತಿವರ್ಷ ಬಹಿರಂಗವಾಗಿ ಇಡಬೇಕು.

ಅಥಣಿ, ಜಮಖಂಡಿ, ತೇರದಾಳದಿಂದ ಹೋಗಿ ಸಾಂಗಲಿ, ಮಿರಜಗಳಲ್ಲಿ ಓದಿ ಇಂದು ವೈದ್ಯರೂ ಇಂಜಿನಿಯರರೂ ಪ್ರಾಧ್ಯಾಪಕರೂ ಆಗಿರುವವರು ಸಾವಿರಾರು ಮಂದಿ ಇದ್ದೀರಿ. ನಿಮ್ಮನ್ನು ಓದಿಸಿದ ಕಟ್ಟಡಗಳನ್ನು ಯಾರೋ ಜೋಳಿಗೆ ಹಿಡಿದು ಎಬ್ಬಿಸಿದ್ದರು. ನಿಮ್ಮ ಊರಿನ ಹತ್ತಿರದ ವಿಶ್ವವಿದ್ಯಾಲಯಕ್ಕೆ ಈ ವರ್ಷ ಒಮ್ಮೆ ಹೋಗಿ, ಅದರ ಗ್ರಂಥಾಲಯವನ್ನು ನೋಡಿ, ಏನು ಬೇಕೆಂದು ಕುಲಸಚಿವರನ್ನು ಕೇಳಿ, ನಾಲ್ಕು ಜನ ಸೇರಿ ಒಂದು ದತ್ತಿ ಇಡಿ.