ಸಿಪ್ರೋಫ್ಲಾಕ್ಸಾಸಿನ್ ಜೊತೆ ಹಾಲು ಏಕೆ ಬೇಡ?

ಪ್ರಶ್ನೆ: ಮೂತ್ರದ ಸೋಂಕಿಗೆ ವೈದ್ಯರು ಸಿಪ್ರೋಫ್ಲಾಕ್ಸಾಸಿನ್ ಬರೆದುಕೊಟ್ಟಿದ್ದಾರೆ. ಅದನ್ನು ಹಾಲಿನ ಜೊತೆ ನುಂಗಬೇಡಿ ಎಂದರು ಔಷಧಿ ಅಂಗಡಿಯವರು. ನಿಜವೇ?

ಉತ್ತರ: ನಿಜ. ಹಾಲಿನ ಕ್ಯಾಲ್ಸಿಯಂ ಈ ಔಷಧಿಯ ಅಣುಗಳನ್ನು ಕರುಳಿನಲ್ಲೇ ಕಟ್ಟಿಹಾಕುತ್ತದೆ. ಹಾಗೆ ಕಟ್ಟುಬಿದ್ದದ್ದು ರಕ್ತಕ್ಕೆ ಸೇರುವುದಿಲ್ಲ, ಮಲದಲ್ಲಿ ಹೊರಟುಹೋಗುತ್ತದೆ. ಮಾತ್ರೆಯನ್ನೇನೋ ತಪ್ಪದೆ ನುಂಗಿರುತ್ತೀರಿ, ಆದರೆ ಸೋಂಕಿರುವ ಜಾಗಕ್ಕೆ ಸಾಕಷ್ಟು ಔಷಧಿ ತಲುಪಿರುವುದಿಲ್ಲ. ಊಟದಲ್ಲಿ ಒಂದಿಷ್ಟು ಮೊಸರಿದ್ದರೆ ಅಷ್ಟೇನೂ ಬಾಧಕವಿಲ್ಲ. ಬರೀ ಹಾಲಿನೊಂದಿಗೆ ನುಂಗುವುದು ಬೇಡ, ನೀರು ಸಾಕು.

ಹಾಲಿಗಿಂತ ದೊಡ್ಡ ಅಡ್ಡಿ, ಎದೆಯುರಿಗೆಂದು ನಾವೇ ತಂದು ಕುಡಿಯುವ ಆಂಟಾಸಿಡ್. ಅದರ ಅಲ್ಯೂಮಿನಿಯಂ, ಮೆಗ್ನೀಸಿಯಂ ಇನ್ನೂ ಬಿಗಿಯಾಗಿ ಹಿಡಿಯುತ್ತವೆ. ಕಬ್ಬಿಣ, ಸತುವಿನ ಮಾತ್ರೆಗಳೂ ಹಾಗೆಯೇ. ಇವನ್ನು ತೆಗೆದುಕೊಳ್ಳುವ 2 ಗಂಟೆ ಮೊದಲು, ಇಲ್ಲವೇ 6 ಗಂಟೆ ನಂತರ ಸಿಪ್ರೋಫ್ಲಾಕ್ಸಾಸಿನ್ ನುಂಗಿ.

ನನಗೆ ಹೆಚ್ಚು ಆತಂಕವಿರುವುದು ಬೇರೊಂದು ಜೋಡಿಯ ಬಗ್ಗೆ. ಬೆನ್ನು, ಕುತ್ತಿಗೆಯ ಸ್ನಾಯು ಸೆಳೆತಕ್ಕೆ ಕೊಡುವ ಟಿಜಾನಿಡಿನ್ ಅನ್ನು ಯಕೃತ್ತಿನ ಒಂದು ಕಿಣ್ವ ವಿಲೇವಾರಿ ಮಾಡುತ್ತದೆ. ಸಿಪ್ರೋಫ್ಲಾಕ್ಸಾಸಿನ್ ಆ ಕಿಣ್ವವನ್ನೇ ತಡೆಯುವುದರಿಂದ ಟಿಜಾನಿಡಿನ್ ರಕ್ತದಲ್ಲಿ ಹಲವು ಪಟ್ಟು ಏರಿ, ರಕ್ತದೊತ್ತಡ ಅಪಾಯಕರವಾಗಿ ಕುಸಿಯಬಹುದು. ಇಲ್ಲಿ ಗಂಟೆಗಳ ಅಂತರ ಕೊಟ್ಟರೂ ಪ್ರಯೋಜನವಿಲ್ಲ. ಇವೆರಡೂ ಒಟ್ಟಿಗೆ ಬೇಡವೇ ಬೇಡ. ಕಾಫಿಯ ಕೆಫೀನ್ ಕೂಡ ಅದೇ ಕಿಣ್ವದ ಪಾಲು. ಹಾಗಾಗಿ ಈ ದಿನಗಳಲ್ಲಿ ಸಂಜೆಯ ಫಿಲ್ಟರ್ ಕಾಫಿ ರಾತ್ರಿ ನಿದ್ದೆ ಕೆಡಿಸೀತು, ಎದೆ ಡವಗುಟ್ಟಿಸೀತು.

ಆಸ್ತಮಾಕ್ಕೆ ಥಿಯೋಫಿಲಿನ್, ರಕ್ತ ಹೆಪ್ಪುಗಟ್ಟದಂತೆ ವಾರ್ಫರಿನ್ ಅಥವಾ ಮಧುಮೇಹಕ್ಕೆ ಗ್ಲಿಮೆಪಿರೈಡ್ ತೆಗೆದುಕೊಳ್ಳುವವರು ಮೊದಲ ಮಾತ್ರೆಗೆ ಮುಂಚೆಯೇ ವೈದ್ಯರಿಗೆ ತಿಳಿಸಬೇಕು. ಗ್ಲಿಮೆಪಿರೈಡ್ ಜೊತೆ ಸಕ್ಕರೆ ಅಂಶ ತೀರಾ ಇಳಿಯಬಹುದು. ಬೆವರು, ನಡುಕ, ಕಣ್ಣು ಮಂಜಾದರೆ ತಕ್ಷಣ ಸಕ್ಕರೆ ನೀರು ಕುಡಿದು ವೈದ್ಯರಿಗೆ ಫೋನ್ ಮಾಡಿ.