ಅನುದಾನಿತ ಶಾಲೆ: ಉಪಕಾರವಲ್ಲ, ಹೊಣೆ

ಸರಕಾರದ ಹಣದಿಂದ ಕಥೋಲಿಕ ಶಾಲೆಗಳು ಏಕೆ ನಡೆಯಬೇಕು? ಈ ಪ್ರಶ್ನೆಯನ್ನು ಹೊರಗಿನವರು ಆಗಾಗ ಕೇಳುತ್ತಾರೆ. ನಮ್ಮವರು ಕೇಳಿಕೊಳ್ಳುವುದು ಅಪರೂಪ. ಆದರೆ ಮಕ್ಕಳನ್ನು ಯಾವ ಶಾಲೆಗೆ ಸೇರಿಸಬೇಕೆಂದು ಯೋಚಿಸುವ ಪ್ರತಿಯೊಂದು ಕ್ರೈಸ್ತ ಕುಟುಂಬವೂ ಇದರ ಉತ್ತರವನ್ನು ಅರಿತಿರುವುದು ಅಗತ್ಯ.

ಅನುದಾನವು ನಿನ್ನೆ ಮೊನ್ನೆಯ ಔದಾರ್ಯವಲ್ಲ. 1854ರ ವುಡ್ ವರದಿಯು ಖಾಸಗಿ ಶಾಲೆಗಳಿಗೆ ಧನಸಹಾಯ ನೀಡುವ ಪದ್ಧತಿಗೆ ತಳಹದಿ ಹಾಕಿತು. ಶಾಲೆಯನ್ನು ನಡೆಸುವವರು ಯಾರು ಎಂಬುದಕ್ಕಿಂತ ಅಲ್ಲಿ ಉತ್ತಮ ಲೌಕಿಕ ಶಿಕ್ಷಣ ದೊರೆಯುತ್ತದೆಯೇ ಎಂಬುದೇ ಅದರ ಒರೆಗಲ್ಲಾಗಿತ್ತು. 1870ರಲ್ಲಿ ಮಂಗಳೂರಿಗೆ ಬಂದ ಅಪೊಸ್ತಲಿಕ್ ಕಾರ್ಮೆಲ್ ಭಗಿನಿಯರು ಹೆಣ್ಣುಮಕ್ಕಳ ವಿದ್ಯಾಭ್ಯಾಸಕ್ಕಾಗಿ ದುಡಿದರು. 1880ರಲ್ಲಿ ಯೇಸುಸಭೆಯ ಗುರುಗಳು ಸಂತ ಅಲೋಶಿಯಸ್ ಸಂಸ್ಥೆಯನ್ನು ಆರಂಭಿಸಿದರು. ಕರಾವಳಿಯ ಅನೇಕ ಇಗರ್ಜಿಗಳ ಪಕ್ಕದಲ್ಲಿ ಕನ್ನಡ ಶಾಲೆಗಳು ತಲೆಯೆತ್ತಿದವು. ನೆಲ ಮತ್ತು ಕಟ್ಟಡ ಧರ್ಮಕೇಂದ್ರದ್ದು, ಅನುದಾನಕ್ಕೊಳಪಟ್ಟ ಶಿಕ್ಷಕರ ವೇತನ ಸರಕಾರದ್ದು ಎಂಬ ಈ ಸಹಭಾಗಿತ್ವದಿಂದ ಎಷ್ಟೋ ಹಳ್ಳಿಗಳಿಗೆ ಅಕ್ಷರದ ಬೆಳಕು ಹರಿಯಿತು.

ಇದರ ಹಿಂದೆ ಒಂದು ನ್ಯಾಯತತ್ತ್ವವಿದೆ. ಸಮಾಜದ ಸಾಮಾನ್ಯ ಸಂಪತ್ತು ಅದರ ಸದಸ್ಯರಿಗೆ ಯುಕ್ತವಾದ ಪ್ರಮಾಣದಲ್ಲಿ ಸಲ್ಲಬೇಕೆಂದು ಅರಿಸ್ಟಾಟಲನೂ ಅವನನ್ನನುಸರಿಸಿ ಸಂತ ತೋಮಸ್ ಅಕ್ವಿನಾಸರೂ ಪ್ರತಿಪಾದಿಸಿದರು. ಇದೇ ವಿತರಣಾ ನ್ಯಾಯ. ತೆರಿಗೆಯ ಭಾರವನ್ನು ಎಲ್ಲ ತಂದೆತಾಯಿಗಳೂ ಹೊರುತ್ತಾರೆ. ಹೀಗಿರುವಾಗ ಶಾಲೆಯನ್ನು ಆಯ್ದುಕೊಳ್ಳುವ ಸ್ವಾತಂತ್ರ್ಯ ಹಣವುಳ್ಳವರಿಗೆ ಮಾತ್ರ ಏಕೆ ಮೀಸಲಾಗಬೇಕು? ಶಿಕ್ಷಣವನ್ನು ಕುರಿತು 1965ರಲ್ಲಿ ಹೊರಡಿಸಿದ ಘೋಷಣೆಯಲ್ಲಿ ದ್ವಿತೀಯ ವ್ಯಾಟಿಕನ್ ಮಹಾಸಭೆಯು, ಹೆತ್ತವರು ತಮ್ಮ ಮನಸ್ಸಾಕ್ಷಿಗೆ ಅನುಸಾರವಾಗಿ ಶಾಲೆಯನ್ನು ನಿಜವಾಗಿಯೂ ಆರಿಸಿಕೊಳ್ಳಲು ಸಾಧ್ಯವಾಗುವಂತೆ ಸಾರ್ವಜನಿಕ ಧನಸಹಾಯ ಹಂಚಿಕೆಯಾಗಬೇಕೆಂದು ಬೋಧಿಸಿತು.

ನಮ್ಮ ಸಂವಿಧಾನವೂ ಈ ದಾರಿಯಲ್ಲೇ ಸಾಗುತ್ತದೆ. 30ನೆಯ ವಿಧಿಯು ಅಲ್ಪಸಂಖ್ಯಾತರಿಗೆ ಶಿಕ್ಷಣ ಸಂಸ್ಥೆಗಳನ್ನು ಸ್ಥಾಪಿಸಿ ನಡೆಸುವ ಹಕ್ಕನ್ನಿತ್ತು, ಅನುದಾನದಲ್ಲಿ ತಾರತಮ್ಯ ಸಲ್ಲದೆನ್ನುತ್ತದೆ. ಜೊತೆಗೆ ಬಾಧ್ಯತೆಗಳೂ ಇವೆ. ಧರ್ಮ, ಜಾತಿ ಅಥವಾ ಭಾಷೆಯ ಕಾರಣದಿಂದ ಮಾತ್ರವೇ ಅನುದಾನಿತ ಶಾಲೆಯಲ್ಲಿ ಪ್ರವೇಶ ನಿರಾಕರಿಸುವಂತಿಲ್ಲ. ಪೋಷಕರ ಸಮ್ಮತಿಯಿಲ್ಲದೆ ಮಗುವಿಗೆ ಧಾರ್ಮಿಕ ಬೋಧನೆ ನೀಡುವಂತಿಲ್ಲ. ಆಡಳಿತ ನಡೆಸುವ ಹಕ್ಕು ದುರಾಡಳಿತದ ಹಕ್ಕಾಗದೆಂದು 1958ರಲ್ಲಿ ಕೇರಳದ ಶಿಕ್ಷಣ ಮಸೂದೆಯ ಕುರಿತ ಅಭಿಪ್ರಾಯದಲ್ಲಿ ಸರ್ವೋಚ್ಚ ನ್ಯಾಯಾಲಯ ಸ್ಪಷ್ಟಪಡಿಸಿತು.

2011ರ ಜನಗಣತಿಯಂತೆ ಕರ್ನಾಟಕದಲ್ಲಿ ಕ್ರೈಸ್ತರು ಶೇಕಡ ಎರಡಕ್ಕಿಂತಲೂ ಕಡಿಮೆ. ಆದುದರಿಂದ ನಮ್ಮ ಶಾಲೆಗಳು ನಮಗಾಗಿ ಮಾತ್ರ ಎಂದೂ ಇರಲಿಲ್ಲ. ಬೀಡಿ ಕಟ್ಟುವ ತಾಯಿಯ ಮಗಳು, ಕೂಲಿಕಾರನ ಮಗ, ವಲಸೆ ಬಂದ ಕುಟುಂಬದ ಮಗು ಒಂದೇ ಬೆಂಚಿನಲ್ಲಿ ಕುಳಿತು, ಮಧ್ಯಾಹ್ನ ಒಂದೇ ಪಂಕ್ತಿಯಲ್ಲಿ ಬಿಸಿಯೂಟ ಉಣ್ಣುತ್ತಾರೆ. ನೆರೆಯವನನ್ನು ಪ್ರೀತಿಸಬೇಕೆಂಬ ಯೇಸುಸ್ವಾಮಿಯ ಆಜ್ಞೆಯು ಯಾವ ಪ್ರವಚನವೂ ಇಲ್ಲದೆ ಅಲ್ಲಿ ಕಾರ್ಯರೂಪಕ್ಕೆ ಬರುತ್ತದೆ.

ಇಂದು ಈ ಶಾಲೆಗಳೇ ಸೊರಗುತ್ತಿವೆ. ನಿವೃತ್ತರಾದ ಶಿಕ್ಷಕರ ಸ್ಥಾನಗಳು ವರ್ಷಗಟ್ಟಲೆ ಖಾಲಿ ಉಳಿಯುತ್ತವೆ. ಆಡಳಿತ ಮಂಡಳಿಯು ಅಲ್ಪ ಗೌರವಧನ ಕೊಟ್ಟು ತರಗತಿಗಳನ್ನು ನಡೆಸುತ್ತದೆ. ಪ್ರಾಥಮಿಕ ಹಂತದಲ್ಲಿ ಮಾತೃಭಾಷಾ ಮಾಧ್ಯಮವನ್ನು ಕಡ್ಡಾಯಗೊಳಿಸಿದ್ದ ರಾಜ್ಯದ ನೀತಿಯನ್ನು ಸರ್ವೋಚ್ಚ ನ್ಯಾಯಾಲಯವು 2014ರಲ್ಲಿ ತಳ್ಳಿಹಾಕಿತು. ಇಂಗ್ಲಿಷ್ ಮಾಧ್ಯಮದ ಸೆಳೆತವಂತೂ ಅದಕ್ಕೂ ಮೊದಲೇ ಬಲವಾಗಿತ್ತು. ಒಂದೇ ಆವರಣದಲ್ಲಿ ಶುಲ್ಕ ತೆರುವ ಶಾಲೆ ತುಂಬಿರುವಾಗ ಅನುದಾನಿತ ಕನ್ನಡ ಶಾಲೆ ಬರಿದಾಗುವ ನೋಟ ನಮ್ಮ ಧರ್ಮಕೇಂದ್ರಗಳಿಗೆ ಅಪರಿಚಿತವಲ್ಲ.

ಇಂಗ್ಲಿಷ್ ಕಲಿಕೆಯನ್ನು ನಾವು ಹಳಿಯುತ್ತಿಲ್ಲ. ಅದು ಬಡವನ ಮಗುವಿಗೂ ಬೇಕು. ಅನುದಾನಿತ ಶಾಲೆಯಲ್ಲಿಯೇ ಇಂಗ್ಲಿಷನ್ನು ಚೆನ್ನಾಗಿ ಕಲಿಸುವ ಶಿಕ್ಷಕರನ್ನು ನೇಮಿಸಲು ಧರ್ಮಕೇಂದ್ರದ ಪಾಲನಾ ಪರಿಷತ್ತು ನೆರವಾಗಬಹುದು. ಹಳೆ ವಿದ್ಯಾರ್ಥಿಗಳು ಗೌರವ ಶಿಕ್ಷಕರ ವೇತನಕ್ಕಾಗಿ ನಿಧಿ ಕೂಡಿಸಬಹುದು. ಖಾಲಿ ಹುದ್ದೆಗಳನ್ನು ತುಂಬಬೇಕೆಂದು ಹೆತ್ತವರೆಲ್ಲರೂ ಒಗ್ಗಟ್ಟಿನಿಂದ ಸರಕಾರವನ್ನು ಒತ್ತಾಯಿಸಬಹುದು. ಎಲ್ಲಕ್ಕಿಂತ ಮಿಗಿಲಾಗಿ, ಅನುಕೂಲವುಳ್ಳ ಕೆಲವು ಕುಟುಂಬಗಳಾದರೂ ತಮ್ಮ ಮಕ್ಕಳನ್ನು ಅಲ್ಲಿಗೆ ಕಳುಹಿಸಲಿ. ಧ್ವನಿಯುಳ್ಳವರ ಮಕ್ಕಳಿರುವ ಶಾಲೆಯನ್ನು ಕಡೆಗಣಿಸುವುದು ಯಾರಿಗೂ ಸುಲಭವಲ್ಲ.

ಕಾಯಿದೆಯು ನಮ್ಮ ಹಕ್ಕನ್ನು ಕಾಪಾಡೀತು. ಮಕ್ಕಳಿಲ್ಲದ ತರಗತಿಯನ್ನು ತುಂಬಲಾರದು. ನಾವು ಶ್ರೀಮಂತರ ಶಾಲೆಗಳನ್ನು ಮಾತ್ರ ಉಳಿಸಿಕೊಂಡರೆ ಕಥೋಲಿಕ ಎಂಬ ಹೆಸರು ಫಲಕದಲ್ಲಿ ಉಳಿದೀತು. ಆದರೆ ಸರ್ವರಿಗೂ ಸೇರಿದ್ದು ಎಂಬ ಆ ಪದದ ಅರ್ಥವು ಕನ್ನಡ ಶಾಲೆಯ ಬಾಗಿಲಿನೊಂದಿಗೆ ಮುಚ್ಚಿಹೋದೀತು.