ರಕ್ತನಾಳದಲ್ಲಿ ಪ್ಲಾಸ್ಟಿಕ್: ಎಷ್ಟು ನಿಜ, ಎಷ್ಟು ಭಯ?



"ಪೇಪರ್ ಕಪ್ಪಿನಲ್ಲಿ ಚಹಾ ಕುಡಿದರೆ ಹಾರ್ಟ್ ಅಟ್ಯಾಕ್ ಗ್ಯಾರಂಟಿ" ಎನ್ನುವ ಸಂದೇಶ ನಿಮ್ಮ ಮೊಬೈಲಿಗೂ ಬಂದಿರಬಹುದು. ಅದರ ಹಿಂದೆಯೇ "ರಕ್ತದಲ್ಲಿನ ಪ್ಲಾಸ್ಟಿಕ್ ತೆಗೆಯುವ ಪುಡಿ" ಮಾರುವ ಜಾಹೀರಾತೂ ಬರುತ್ತದೆ. ಒಪಿಡಿಯಲ್ಲಿ ಈಗ ಮೂರು ಪ್ರಶ್ನೆಗಳನ್ನು ಮತ್ತೆ ಮತ್ತೆ ಕೇಳುತ್ತಿದ್ದೇನೆ. ರಕ್ತನಾಳದಲ್ಲಿ ನಿಜವಾಗಿಯೂ ಪ್ಲಾಸ್ಟಿಕ್ ಸೇರುತ್ತದೆಯೇ? ನನಗೆ ಹಾಕಿದ ಸ್ಟೆಂಟಿನಲ್ಲೂ ಪ್ಲಾಸ್ಟಿಕ್ ಇದೆಯೇ? ಗುಳಿಗೆ ಬಿಟ್ಟು ಆ ಪುಡಿ ತೆಗೆದುಕೊಳ್ಳಲೇ?

ಮೂರನೆಯ ಪ್ರಶ್ನೆಗೆ ಮೊದಲೇ ಉತ್ತರ ಹೇಳಿಬಿಡುತ್ತೇನೆ: ಬೇಡ. ಗುಳಿಗೆ ಬಿಡಬೇಡಿ. ಉಳಿದ ಎರಡಕ್ಕೆ ಸ್ವಲ್ಪ ವಿವರವಾಗಿ ಉತ್ತರ ಕೊಡಬೇಕು.

*ಸಂಶೋಧನೆ ಏನು ಹೇಳಿತು?*

ಈ ಭಯದ ಮೂಲದಲ್ಲಿ ಒಂದು ಗಂಭೀರ ಅಧ್ಯಯನ ಇದೆ. 2024ರ ಮಾರ್ಚ್ ತಿಂಗಳಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್ ಎಂಬ ಪತ್ರಿಕೆಯಲ್ಲಿ ಇಟಲಿಯ ವೈದ್ಯ ರಫಾಯೆಲೆ ಮಾರ್ಫೆಲ್ಲಾ ಮತ್ತು ಸಂಗಡಿಗರು ಅದನ್ನು ಪ್ರಕಟಿಸಿದರು. ನಮ್ಮ ಕುತ್ತಿಗೆಯ ಎರಡೂ ಬದಿಗೆ ಮೆದುಳಿಗೆ ರಕ್ತ ಒಯ್ಯುವ ಕೆರೋಟಿಡ್ ಎಂಬ ದೊಡ್ಡ ರಕ್ತನಾಳಗಳಿವೆ. ಅದರಲ್ಲಿ ಕೊಬ್ಬು ಕಟ್ಟಿ ತುಂಬಾ ಕಿರಿದಾದವರಿಗೆ ಆಪರೇಶನ್ ಮಾಡಿ ಆ ಗಡ್ಡೆಯನ್ನು ತೆಗೆಯುತ್ತಾರೆ. ಹಾಗೆ ತೆಗೆದ ಗಡ್ಡೆಗಳನ್ನು ಈ ತಂಡ ಪ್ರಯೋಗಾಲಯಕ್ಕೆ ಒಯ್ದು ಪರೀಕ್ಷಿಸಿತು.

ಕೊನೆಯವರೆಗೆ ಗಮನದಲ್ಲಿಟ್ಟ 257 ರೋಗಿಗಳಲ್ಲಿ 150 ಮಂದಿಯ ಗಡ್ಡೆಯಲ್ಲಿ ಪಾಲಿಎಥಿಲೀನ್ ಸಿಕ್ಕಿತು. ನಮ್ಮ ಹಾಲಿನ ಪಾಕೀಟು, ಕ್ಯಾರಿಬ್ಯಾಗು ಇದರದ್ದೇ. 31 ಮಂದಿಯಲ್ಲಿ ಅದರ ಜೊತೆ ಪಿವಿಸಿ ಕೂಡ ಸಿಕ್ಕಿತು. ನಲ್ಲಿಯ ಪೈಪು, ವೈರಿನ ಮೇಲಿನ ಹೊದಿಕೆ ಮಾಡುವುದು ಪಿವಿಸಿಯಿಂದ.

ಮುಂದೆ ಸುಮಾರು 34 ತಿಂಗಳು ಇವರೆಲ್ಲರನ್ನೂ ಗಮನಿಸಿದರು. ಪ್ಲಾಸ್ಟಿಕ್ ಸಿಗದ 107 ಮಂದಿಯಲ್ಲಿ 8 ಮಂದಿಗೆ ಹಾರ್ಟ್ ಅಟ್ಯಾಕ್, ಪಾರ್ಶ್ವವಾಯು ಅಥವಾ ಸಾವು ಸಂಭವಿಸಿತು. ಪ್ಲಾಸ್ಟಿಕ್ ಸಿಕ್ಕಿದ 150 ಮಂದಿಯಲ್ಲಿ ಹೀಗಾದದ್ದು 30 ಮಂದಿಗೆ. ಅಂದರೆ ನೂರಕ್ಕೆ ಏಳೆಂಟು ಒಂದು ಕಡೆ, ನೂರಕ್ಕೆ ಇಪ್ಪತ್ತು ಇನ್ನೊಂದು ಕಡೆ. ವಯಸ್ಸು, ಶುಗರ್ ಮುಂತಾದ ವ್ಯತ್ಯಾಸಗಳನ್ನು ಲೆಕ್ಕದಲ್ಲಿ ಸರಿದೂಗಿಸಿದ ಮೇಲೆ ಅಪಾಯ ನಾಲ್ಕೂವರೆ ಪಟ್ಟು ಎಂದು ಬಂತು. ವಾಟ್ಸಾಪಿನಲ್ಲಿ ಓಡಾಡುವ "ನಾಲ್ಕೂವರೆ ಪಟ್ಟು" ಎಂಬ ಅಂಕಿ ಬಂದದ್ದು ಇಲ್ಲಿಂದ.

*ಪ್ಲಾಸ್ಟಿಕ್ ಅಲ್ಲಿಗೆ ಹೋಗುವುದು ಹೇಗೆ?*

ಕಬ್ಬಿಣ ತುಕ್ಕು ಹಿಡಿಯುತ್ತದೆ, ಕಟ್ಟಿಗೆ ಕೊಳೆಯುತ್ತದೆ. ಪ್ಲಾಸ್ಟಿಕ್ ಬೇಗ ಕೊಳೆಯುವುದಿಲ್ಲ, ಪುಡಿಯಾಗುತ್ತದೆ. ಅದು ಇಂಗಾಲದ ಉದ್ದನೆಯ ಸರಪಣಿ. ಬಿಸಿಲು, ಶಾಖ ಮತ್ತು ತಿಕ್ಕಾಟಕ್ಕೆ ಸರಪಣಿ ತುಂಡಾಗುತ್ತಾ ಹೋಗುತ್ತದೆ. ಮೇಲ್ಛಾವಣಿಗೆ ಕಟ್ಟಿದ ತಾಡಪತ್ರಿ ಎರಡು ಬೇಸಿಗೆ ಕಳೆದ ಮೇಲೆ ಕೈಗೆ ಪುಡಿಪುಡಿಯಾಗಿ ಬರುವುದನ್ನು ನೀವೇ ನೋಡಿದ್ದೀರಿ. 5 ಮಿಲಿಮೀಟರ್‌ಗಿಂತ ಸಣ್ಣ ಚೂರಿಗೆ ಮೈಕ್ರೊಪ್ಲಾಸ್ಟಿಕ್ ಎನ್ನುತ್ತಾರೆ. ಒಂದು ಮೈಕ್ರಾನಿಗಿಂತ, ಅಂದರೆ ಮಿಲಿಮೀಟರಿನ ಸಾವಿರದ ಒಂದು ಭಾಗಕ್ಕಿಂತ ಸಣ್ಣದು ನ್ಯಾನೊಪ್ಲಾಸ್ಟಿಕ್. ದೊಡ್ಡ ಚೂರು ಹೊಟ್ಟೆಯಿಂದ ಹಾಗೆಯೇ ಹೊರಗೆ ಹೋಗುತ್ತದೆ. ಅತಿ ಸಣ್ಣವು ಕರುಳಿನಿಂದ, ಪುಪ್ಪುಸದಿಂದ ರಕ್ತಕ್ಕೆ ದಾಟಬಲ್ಲವು. 2022ರಲ್ಲಿ ನೆದರ್ಲೆಂಡ್ಸಿನ ವಿಜ್ಞಾನಿಗಳು 22 ಮಂದಿಯ ರಕ್ತ ಪರೀಕ್ಷಿಸಿದಾಗ 17 ಮಂದಿಯಲ್ಲಿ ಪ್ಲಾಸ್ಟಿಕ್ ಸಿಕ್ಕಿತ್ತು.

ರಕ್ತನಾಳದ ಗಡ್ಡೆ ಪೈಪಿನೊಳಗೆ ಕಟ್ಟಿದ ಪಾಚಿಯಂತೆ ಸುಮ್ಮನೆ ಕುಳಿತಿರುವುದಿಲ್ಲ. ಅದು ಜೀವಂತ ಹುಣ್ಣಿನಂತೆ. ಒಳಗೆ ಕೊಬ್ಬು, ಮೇಲೆ ತೆಳುವಾದ ಪೊರೆ, ಸುತ್ತ ದೇಹದ ಕಾವಲು ಕಣಗಳು. ಈ ಕಾವಲು ಕಣಗಳು ಹೊರಗಿನ ವಸ್ತುವನ್ನು ನುಂಗುತ್ತವೆ. ಪ್ಲಾಸ್ಟಿಕ್ಕನ್ನು ಅವು ಜೀರ್ಣಿಸಲಾರವು. ಆಗ ಕೆರಳಿ ಉರಿಯೂತ ಹೆಚ್ಚಿಸುತ್ತವೆ ಎನ್ನುವುದು ವಿಜ್ಞಾನಿಗಳ ಅನುಮಾನ. ಉರಿಯೂತ ಹೆಚ್ಚಿದರೆ ಪೊರೆ ಹರಿಯುತ್ತದೆ, ರಕ್ತ ಹೆಪ್ಪುಗಟ್ಟುತ್ತದೆ. ಹೃದಯದಲ್ಲಿ ಹಾಗಾದರೆ ಹಾರ್ಟ್ ಅಟ್ಯಾಕ್, ಮೆದುಳಿನಲ್ಲಾದರೆ ಪಾರ್ಶ್ವವಾಯು. ಇಟಲಿಯ ತಂಡ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಕೆಲವು ಕಾವಲು ಕಣಗಳ ಒಳಗೆ ಮೊನಚು ಅಂಚಿನ ಹೊರಗಿನ ಚೂರುಗಳನ್ನು ಕಂಡಿತು.

*ಹಾಗಾದರೆ ಸಾಬೀತಾಯಿತೇ?*

ಇಲ್ಲ. ಫಾರ್ವರ್ಡ್ ಸಂದೇಶಗಳು ಬಿಟ್ಟುಬಿಡುವ ಮಾತು ಇದೇ.

ಮೊದಲನೆಯದು, ಇವರೆಲ್ಲ ಮೊದಲೇ ರಕ್ತನಾಳ ಕಿರಿದಾಗಿದ್ದ ರೋಗಿಗಳು. ಆರೋಗ್ಯವಂತರಿಗೆ ಇದೇ ಲೆಕ್ಕ ಅನ್ವಯಿಸುವುದಿಲ್ಲ.

ಎರಡನೆಯದು, ಎರಡು ಸಂಗತಿ ಜೊತೆಯಲ್ಲಿ ಕಂಡವು ಎಂದ ಮಾತ್ರಕ್ಕೆ ಒಂದರಿಂದಲೇ ಇನ್ನೊಂದು ಆಯಿತು ಎನ್ನಲಾಗದು. ಪ್ಲಾಸ್ಟಿಕ್ ಸಿಕ್ಕವರಲ್ಲಿ ಬೀಡಿ ಸಿಗರೇಟು ಸೇದುವವರು ಮತ್ತು ಶುಗರ್ ಇದ್ದವರು ಹೆಚ್ಚಿದ್ದರು. ಲೆಕ್ಕದಲ್ಲಿ ಸರಿದೂಗಿಸಿದರೂ ಎಲ್ಲವನ್ನೂ ಪೂರ್ತಿ ಬೇರ್ಪಡಿಸುವುದು ಕಷ್ಟ.

ಮೂರನೆಯದು, ಅಳತೆಯದೇ ತೊಡಕು. ಗಡ್ಡೆಯ ಚೂರನ್ನು ತುಂಬಾ ಬಿಸಿ ಮಾಡಿ, ಹೊರಬರುವ ಅನಿಲವನ್ನು ಯಂತ್ರದಲ್ಲಿ ಗುರುತಿಸುತ್ತಾರೆ. ಪಾಲಿಎಥಿಲೀನ್ ಇಂಗಾಲದ ಸರಪಣಿ ಎಂದೆನಲ್ಲ, ನಮ್ಮ ದೇಹದ ಕೊಬ್ಬಿನಲ್ಲೂ ಅಂಥದೇ ಸರಪಣಿ ಇದೆ. ಎರಡೂ ಸುಟ್ಟಾಗ ಕೆಲವು ಒಂದೇ ಬಗೆಯ ಅನಿಲ ಬರುತ್ತವೆ. ಕೊಬ್ಬು ತುಂಬಿದ ಗಡ್ಡೆಯಲ್ಲಿ ಯಂತ್ರ ಪ್ಲಾಸ್ಟಿಕ್ ಪ್ರಮಾಣವನ್ನು ಹೆಚ್ಚು ತೋರಿಸಬಹುದು ಎಂದು ಹಲವು ರಸಾಯನ ವಿಜ್ಞಾನಿಗಳು ಎಚ್ಚರಿಸಿದ್ದಾರೆ.

ಆದ್ದರಿಂದ ಇದನ್ನು ತಳ್ಳಿಹಾಕುವಂತೆಯೂ ಇಲ್ಲ, ತೀರ್ಪು ಎಂದು ನಂಬುವಂತೆಯೂ ಇಲ್ಲ. ಖರ್ಚಿಲ್ಲದೆ ತಪ್ಪಿಸಬಹುದಾದ್ದನ್ನು ತಪ್ಪಿಸೋಣ, ಉಳಿದದ್ದಕ್ಕೆ ನಿದ್ದೆ ಕೆಡಿಸಿಕೊಳ್ಳುವುದು ಬೇಡ.

*ಸ್ಟೆಂಟ್ ಹಾಕಿಸಿಕೊಂಡವರು ದಯವಿಟ್ಟು ಓದಿ*

ಸ್ಟೆಂಟ್ ಎಂದರೆ ಲೋಹದ ಸಣ್ಣ ಜಾಳಿಗೆ. ಈಗ ಹಾಕುವ ಬಹಳಷ್ಟು ಸ್ಟೆಂಟುಗಳು ಕೋಬಾಲ್ಟ್ ಮತ್ತು ಕ್ರೋಮಿಯಂ ಬೆರೆಸಿದ ಲೋಹದವು. ರಕ್ತನಾಳ ಮತ್ತೆ ಮುಚ್ಚದಂತೆ ತಡೆಯುವ ಔಷಧಿಯನ್ನು ಹಿಡಿದಿಡಲು ಅನೇಕ ಸ್ಟೆಂಟುಗಳ ಮೇಲೆ ಕೆಲವೇ ಮೈಕ್ರಾನ್ ದಪ್ಪದ ಪಾಲಿಮರ್ ಲೇಪ ಇರುತ್ತದೆ. ಕೆಲವದರ ಲೇಪ ತಿಂಗಳುಗಳಲ್ಲಿ ತಾನೇ ಕರಗುತ್ತದೆ. ಇದು ಬೀದಿಯ ಕ್ಯಾರಿಬ್ಯಾಗ್ ಅಲ್ಲ, ದೇಹದಲ್ಲಿ ಇರಲೆಂದೇ ಮಾಡಿ, ಸಾವಿರಾರು ರೋಗಿಗಳಲ್ಲಿ ವರ್ಷಗಟ್ಟಲೆ ಪರೀಕ್ಷಿಸಿದ ವಸ್ತು.

ನಿಜವಾದ ಅಪಾಯ ಬೇರೆ ಕಡೆ ಇದೆ. ಹಾರ್ಟ್ ಅಟ್ಯಾಕ್ ಆಗಿ ಸ್ಟೆಂಟ್ ಹಾಕಿಸಿಕೊಂಡವರಿಗೆ ರಕ್ತ ತೆಳು ಮಾಡುವ ಎರಡು ಗುಳಿಗೆಗಳನ್ನು ಸಾಮಾನ್ಯವಾಗಿ ಒಂದು ವರ್ಷ ಕೊಡುತ್ತೇವೆ. ಯುಗಾದಿಗೆ ಊರಿಗೆ ಹೋದಾಗ, ಜಾತ್ರೆಗೆ ಹೋದಾಗ, ರಾಶಿಗೆ ಹೋದಾಗ ಗುಳಿಗೆ ಮುಗಿಯುತ್ತದೆ. "ಎಂಟು ದಿನಕ್ಕೆ ಏನಾಗುತ್ತದೆ, ಪುಣೆಗೆ ಹೋದ ಮೇಲೆ ತಗೊಂಡರಾಯಿತು" ಎಂದು ಬಿಡುತ್ತಾರೆ. ಆ ಎಂಟು ದಿನದಲ್ಲೇ ಸ್ಟೆಂಟಿನೊಳಗೆ ರಕ್ತ ಹೆಪ್ಪುಗಟ್ಟಿ ಜೀವ ಹೋಗಬಹುದು. ಊರಿಗೆ ಹೊರಡುವ ಮುಂಚೆ ಒಂದು ತಿಂಗಳ ಗುಳಿಗೆ ಚೀಲಕ್ಕೆ ಹಾಕಿಕೊಳ್ಳಿ. ಚೀಟಿಯ ಫೋಟೊ ಮೊಬೈಲಿನಲ್ಲಿರಲಿ. ಜನೌಷಧಿ ಅಂಗಡಿಗಳಲ್ಲಿ ಈ ಗುಳಿಗೆಗಳು ಕಡಿಮೆ ಬೆಲೆಗೆ ಸಿಗುತ್ತವೆ. ಊರಲ್ಲೂ ಇವೆ, ಇಲ್ಲೂ ಇವೆ.

*ಚಹಾ, ನೀರು, ಊಟ: ಏನು ಬದಲಿಸಬಹುದು?*

ಪೇಪರ್ ಕಪ್ಪು ಬರೀ ಕಾಗದ ಅಲ್ಲ. ಒಳಗೆ ನೀರು ಹೀರದಂತೆ ತೆಳುವಾದ ಪ್ಲಾಸ್ಟಿಕ್ ಪೊರೆ ಅಂಟಿಸಿರುತ್ತಾರೆ. ಐಐಟಿ ಖರಗ್‌ಪುರದ ಸಂಶೋಧಕರು ಅಂಥ ಕಪ್ಪುಗಳಲ್ಲಿ 85ರಿಂದ 90 ಡಿಗ್ರಿ ಬಿಸಿಯ 100 ಮಿಲಿಲೀಟರ್ ದ್ರವವನ್ನು 15 ನಿಮಿಷ ಇಟ್ಟು ನೋಡಿದರು. ಸುಮಾರು 25,000 ಪ್ಲಾಸ್ಟಿಕ್ ಕಣಗಳು ಅದಕ್ಕೆ ಸೇರಿದ್ದವು. ದಿನಕ್ಕೆ ಮೂರು ಕಪ್ಪು ಎಂದರೆ 75,000. ಸೈಟಿನ ಕೆಲಸಕ್ಕೆ ಕುದಿಯುವ ಚಹಾವನ್ನು ತೆಳು ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿಸಿ ತರುವುದಂತೂ ಇನ್ನೂ ಕೆಟ್ಟದ್ದು. ಹೋಟೆಲಿನಿಂದ ಬಿಸಿ ಸಾಂಬಾರ್ ಕವರಿನಲ್ಲಿ ತರುವುದಕ್ಕೂ ಇದೇ ಮಾತು.

ಇದಕ್ಕೆ ಪರಿಹಾರ ತಳೇಗಾಂವದವರಿಗೆ ಹೊಸದೇನೂ ಅಲ್ಲ. ಅಂತಾಜಿ ದಾಮೋದರ ಕಾಳೆ ಎಂಬುವರು ಜನರಿಂದ ಒಂದೊಂದು ಪೈಸೆ ಕೂಡಿಸಿದ ನಿಧಿಯಿಂದ, ಲೋಕಮಾನ್ಯ ತಿಲಕರ ಬೆಂಬಲದಿಂದ, 1908ರಲ್ಲಿ ಇದೇ ಊರಲ್ಲಿ ಪೈಸಾ ಫಂಡ್ ಗಾಜಿನ ಕಾರ್ಖಾನೆ ಶುರುವಾಯಿತು. ಗಾಜು ಮರಳು ಕರಗಿಸಿ ಮಾಡಿದ ವಸ್ತು; ಕುದಿಯುವ ಚಹಾಕ್ಕೆ ಅದು ಪ್ಲಾಸ್ಟಿಕ್ಕಿನಂತೆ ಪುಡಿ ಬಿಡುವುದಿಲ್ಲ. ಸ್ಟೀಲಿನ ಮೇಲೆ ಕ್ರೋಮಿಯಂನ ಕಣ್ಣಿಗೆ ಕಾಣದ ರಕ್ಷಾ ಪೊರೆ ಇರುತ್ತದೆ, ಅದೂ ಸುರಕ್ಷಿತ. ಟಪರಿಯಲ್ಲಿ "ಗಾಜಿನ ಗ್ಲಾಸಿನಲ್ಲಿ ಕೊಡಿ" ಎಂದು ಕೇಳಿ. ಕಾರ್ಖಾನೆಗೆ, ಸೈಟಿಗೆ ಒಂದು ಸ್ಟೀಲ್ ಲೋಟ ಒಯ್ಯಿರಿ. ಪಾರ್ಸಲ್ ತರಲು ಮನೆಯಿಂದ ಸ್ಟೀಲ್ ಡಬ್ಬಿ ಒಯ್ಯಿರಿ.

ಇನ್ನು ನೀರು. 2024ರ ಜನವರಿಯಲ್ಲಿ ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾಲಯದ ತಂಡ ಬಾಟಲಿ ನೀರು ಪರೀಕ್ಷಿಸಿ, ಒಂದು ಲೀಟರಿನಲ್ಲಿ ಸರಾಸರಿ 2,40,000 ಪ್ಲಾಸ್ಟಿಕ್ ಚೂರುಗಳಿವೆ, ಅದರಲ್ಲಿ ನೂರಕ್ಕೆ ತೊಂಬತ್ತು ಅತಿ ಸಣ್ಣವು ಎಂದು ಹೇಳಿತು. ಅಂದರೆ ದುಡ್ಡು ಕೊಟ್ಟು ಕೊಂಡ ಬಾಟಲಿ ನೀರು ಹೆಚ್ಚು ಶುದ್ಧ ಎಂದುಕೊಳ್ಳುವ ಹಾಗಿಲ್ಲ. ಖಾಲಿ ಬಾಟಲಿಯನ್ನು ತಿಂಗಳುಗಟ್ಟಲೆ ತುಂಬಿ ತುಂಬಿ ಬಳಸಬೇಡಿ, ಬಿಸಿಲಿನ ಗಾಡಿಯಲ್ಲಿ ಇಟ್ಟ ನೀರು ಕುಡಿಯಬೇಡಿ.

ಅದೇ ವರ್ಷ ಚೀನಾದ ವಿಜ್ಞಾನಿಗಳು ಸಮಾಧಾನದ ಸುದ್ದಿಯನ್ನೂ ಕೊಟ್ಟರು. ಗಡಸು ನೀರನ್ನು ಐದು ನಿಮಿಷ ಕುದಿಸಿದರೆ ಅದರಲ್ಲಿನ ಸುಣ್ಣದಂಶ ಗಟ್ಟಿಯಾಗುವಾಗ ಪ್ಲಾಸ್ಟಿಕ್ ಕಣಗಳನ್ನು ತನ್ನೊಳಗೆ ಸೇರಿಸಿಕೊಳ್ಳುತ್ತದೆ. ತುಂಬಾ ಗಡಸು ನೀರಿನಲ್ಲಿ ನೂರಕ್ಕೆ ತೊಂಬತ್ತರವರೆಗೆ, ಮೆದು ನೀರಿನಲ್ಲಿ ನೂರಕ್ಕೆ ಇಪ್ಪತ್ತೈದರಷ್ಟು ಕಣಗಳು ಹೋಗುತ್ತವೆ. ನಮ್ಮ ವಿಜಯಪುರ, ಕಲಬುರಗಿ ಕಡೆಯ ಬೋರಿನ ನೀರು ಕುದಿಸಿದಾಗ ಪಾತ್ರೆಯ ತಳಕ್ಕೆ ಬಿಳಿ ಪೊರೆ ಕಟ್ಟುತ್ತದಲ್ಲ, ಅದೇ ಸುಣ್ಣ. ಕುದಿಸಿ, ಆರಲು ಬಿಟ್ಟು, ತಳ ಕಲಕದೆ ಸೋಸಿಕೊಂಡರೆ ಸಾಕು. ಹೊಟ್ಟೆಯ ರೋಗಾಣುವೂ ಸಾಯುತ್ತದೆ.

*ಇದಕ್ಕಿಂತ ದೊಡ್ಡ ಶತ್ರುಗಳು*

ಪ್ಲಾಸ್ಟಿಕ್ಕಿನ ವಿಷಯದಲ್ಲಿ ಇನ್ನೂ ಅನುಮಾನ ಇದೆ. ಕೆಳಗಿನವುಗಳ ವಿಷಯದಲ್ಲಿ ಅನುಮಾನವೇ ಇಲ್ಲ.

1. ಹೊಗೆ. ಗಾಳಿಯಲ್ಲಿನ ಪಿಎಂ 2.5 ಎಂಬ ನುಣುಪು ಧೂಳು ಹಾರ್ಟ್ ಅಟ್ಯಾಕ್ ಮತ್ತು ಪಾರ್ಶ್ವವಾಯು ಎರಡನ್ನೂ ಹೆಚ್ಚಿಸುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹಾಕಿದ ವಾರ್ಷಿಕ ಮಿತಿ ಘನ ಮೀಟರಿಗೆ 5 ಮೈಕ್ರೊಗ್ರಾಂ; ನಮ್ಮ ದೇಶದ ಮಿತಿ 40. ತಳೇಗಾಂವ–ಚಾಕಣ ರಸ್ತೆಯ ಟ್ರಕ್ಕುಗಳ ಹೊಗೆ ನಮ್ಮ ಕೈಯಲ್ಲಿಲ್ಲ. ಆದರೆ ಒಲೆ ಹೊತ್ತಿಸಲು ಪ್ಲಾಸ್ಟಿಕ್ ಕವರು ಸುಡುವುದು, ತಾಮ್ರ ತೆಗೆಯಲು ವೈರು ಸುಡುವುದು, ಚಳಿಗೆ ಕಸಕ್ಕೆ ಬೆಂಕಿ ಹಾಕಿ ಮಕ್ಕಳನ್ನು ಸುತ್ತ ಕೂರಿಸುವುದು ನಮ್ಮ ಕೈಯಲ್ಲಿದೆ. ಪಿವಿಸಿ ಸುಟ್ಟರೆ ಆಮ್ಲದ ಹೊಗೆ ಮತ್ತು ಡಯಾಕ್ಸಿನ್ ಎಂಬ ವಿಷ ಬರುತ್ತವೆ. ಇದನ್ನು ಇವತ್ತೇ ನಿಲ್ಲಿಸಿ.

2. ತಂಬಾಕು. ಬೀಡಿ, ಸಿಗರೇಟು, ಗುಟ್ಕಾ. ಇಲ್ಲಿಗೆ ಬಂದ ಮೇಲೆ ನಮ್ಮ ಹೆಣ್ಣುಮಕ್ಕಳೂ ಕಲಿತ ಮಿಶ್ರಿ ಕೂಡ ಸುಟ್ಟ ತಂಬಾಕೇ, ಹಲ್ಲಿನ ಪುಡಿಯಲ್ಲ.

3. ಬಿಪಿ ಮತ್ತು ಶುಗರ್. ಮೂವತ್ತು ದಾಟಿದವರೆಲ್ಲ ವರ್ಷಕ್ಕೊಮ್ಮೆ ನೋಡಿಸಿಕೊಳ್ಳಿ. ಸರ್ಕಾರಿ ಆಸ್ಪತ್ರೆಯಲ್ಲಿ ಇದಕ್ಕೆ ಹೆಚ್ಚಿನ ಖರ್ಚಿಲ್ಲ. ತಲೆನೋವು ಇಲ್ಲ ಎಂದರೆ ಬಿಪಿ ಇಲ್ಲ ಎಂದಲ್ಲ.

4. ಉಪ್ಪು. ದಿನಕ್ಕೆ ಒಬ್ಬರಿಗೆ 5 ಗ್ರಾಂ, ಅಂದರೆ ಒಂದು ಸಣ್ಣ ಚಮಚ ಸಾಕು. ಉಪ್ಪಿನಕಾಯಿ, ಹಪ್ಪಳ, ಫರಸಾಣದಲ್ಲಿ ಇರುವುದೂ ಅದರಲ್ಲೇ ಸೇರಿತು.

*ಕೊನೆಯದಾಗಿ, ನೆನಪಿಡಬೇಕಾದದ್ದು*

ಎದೆಯ ನಡುವೆ ಒತ್ತಿದ ಹಾಗೆ, ಭಾರ ಇಟ್ಟ ಹಾಗೆ ನೋವು, ಕೈಗೆ ಅಥವಾ ದವಡೆಗೆ ಹಬ್ಬಿದ ನೋವು, ತಣ್ಣನೆಯ ಬೆವರು, ಉಸಿರು ಕಟ್ಟುವುದು. ಇದು "ಗ್ಯಾಸ್" ಎಂದು ಸೋಡಾ ಕುಡಿದು ಮಲಗಬೇಡಿ. ಬಾಯಿ ಸೊಟ್ಟಗಾಗುವುದು, ಒಂದು ಕೈ ಬೀಳುವುದು, ಮಾತು ತೊದಲುವುದು ಪಾರ್ಶ್ವವಾಯು. ನಾಲ್ಕೂವರೆ ಗಂಟೆಯೊಳಗೆ ಸರಿಯಾದ ಆಸ್ಪತ್ರೆ ಸೇರಿದರೆ ಹೆಪ್ಪು ಕರಗಿಸುವ ಇಂಜೆಕ್ಷನ್ ಕೊಡಬಹುದು. ಎರಡಕ್ಕೂ 108ಕ್ಕೆ ಫೋನ್ ಮಾಡಿ. ಮರಾಠಿ ಬಾರದಿದ್ದರೆ ಇಷ್ಟು ಹೇಳಿ: "ಛಾತೀತ ದುಖತಂಯ, ಘಾಮ ಯೇತೋಯ" (ಎದೆ ನೋಯುತ್ತಿದೆ, ಬೆವರು ಬರುತ್ತಿದೆ). ನೀವಿರುವ ಜಾಗದ ಹತ್ತಿರದ ದೊಡ್ಡ ಗುರುತು, ಅಂದರೆ ಸ್ಟೇಶನ್, ಶಾಲೆ ಅಥವಾ ಕಂಪನಿಯ ಗೇಟು ಯಾವುದು ಎಂಬುದನ್ನು ಮನೆಯವರಿಗೆಲ್ಲ ಹೇಳಿಕೊಟ್ಟಿರಿ.

ಸ್ಟೀಲ್ ಲೋಟ ಹಿಡಿಯಿರಿ, ಪ್ಲಾಸ್ಟಿಕ್ ಸುಡಬೇಡಿ, ಗುಳಿಗೆ ಬಿಡಬೇಡಿ. ಓದು ಬಾರದ ಹಿರಿಯರಿಗೆ, ಊರಲ್ಲಿರುವ ಅಪ್ಪ ಅವ್ವಂದಿರಿಗೆ ಇದನ್ನು ಓದಿ ಹೇಳಿ.

– ನಿಮ್ಮ ಹೃದ್ರೋಗ ವೈದ್ಯ, ತಳೇಗಾಂವ ದಾಭಾಡೆ